ಗೊತ್ತಿಲ್ಲದ ಶಬ್ದ, ಗೊತ್ತಿದ್ದ ಮನೆ

ನಮ್ಮ ಸರ್ ಡಿಕ್ಷನರಿಯನ್ನು ಕೊಳೆತ ಟೊಮೆಟೊ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು. ಯಾವನಾದರೂ ಹುಡುಗ ಹೊಸ ಡಿಕ್ಷನರಿ ಕೊಂಡು ಹುರುಪಿನಿಂದ ಕ್ಲಾಸಿಗೆ ತಂದರೆ ಅದನ್ನು ಹಾಗೆ ಎತ್ತಿ ಮೇಜಿನ ಅಂಚಿಗೆ ಇಟ್ಟು, "ಇದು ಅಂಗಡಿ ಮುಂದಿನ ಬೋರ್ಡ್ ಇದ್ದಂಗಪಾ. ಒಳಗ ಏನೇನ ಸಿಗ್ತೈತಿ ಅಂತ ಬರದಿರ್ತಾರ. ಮಾಲು ಹೆಂಗೈತಿ ಅಂತ ಬರದಿರ್ತಾರೇನು?" ಎನ್ನುತ್ತಿದ್ದರು. ಹುಡುಗನ ಮುಖ ಇಷ್ಟೇ ಆಗುತ್ತಿತ್ತು. ನಮಗೆಲ್ಲ ನಗು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಅವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಊರಿಗೆ ಗುರುತು ಹತ್ತುತ್ತದೆ, ಅವರ ಮಗಳು ಇನ್ನೂ ಕೊಟ್ಟ ಮನೆಯಲ್ಲೇ ಬಾಳುತ್ತಿದ್ದಾಳೆ. ಮಗಳನ್ನು ಇಲ್ಲಿ ಶೈಲಾ ಎಂದು ಕರೆಯುತ್ತೇನೆ, ಅದೂ ನಾನೇ ಇಟ್ಟ ಹೆಸರು. ಸರ್ ಹೋಗಿ ಬಹಳ ದಿನಗಳಾದವು. ಅವರ ಹಿಂದೆ ಅವರ ಹೆಂಡತಿಯೂ ಹೋದರು, ನಾವು ಕಾಕು ಎಂದು ಕರೆಯುತ್ತಿದ್ದ ಆ ತಾಯಿ. ಇನ್ನು ಬರೆದರೆ ಯಾರಿಗೂ ನೋವಾಗಲಿಕ್ಕಿಲ್ಲ ಅನಿಸಿದ್ದರಿಂದ ಬರೆಯಲು ಕೂತಿದ್ದೇನೆ.

ನೋಡಲು ಸರ್ ಅಂಥ ದೊಡ್ಡ ಆಳೇನಲ್ಲ. ಬಿಳಿ ಪ್ಯಾಂಟು, ಬಿಳಿ ಅಂಗಿ, ಹಣೆಗೆ ವಿಭೂತಿ, ಎಡಗಿಸೆಯ ತುಂಬ ಸೀಮೆಸುಣ್ಣದ ಪುಡಿ. ಬಲಗಿಸೆಯಲ್ಲಿ ಯಾವತ್ತೂ ಸಕ್ಕರೆ ಬೆರೆಸಿದ ಬಡೇಸೋಪಿನ, ಅಂದರೆ ಸೋಂಪುಕಾಳಿನ ಪೊಟ್ಟಣ. ಚಟಗಳ ಪೈಕಿ ಅವರಿಗಿದ್ದದ್ದು ಅದೊಂದು, ಹಳೆಯ ಇಂಗ್ಲಿಷ್ ಪುಸ್ತಕಗಳದೊಂದು. ಬೆಳಗಾವಿಗೆ ಹೋದಾಗಲೆಲ್ಲ ಮಿಲಿಟರಿ ಕ್ಯಾಂಪಿನ ಹತ್ತಿರದ ರದ್ದಿ ಅಂಗಡಿಯಲ್ಲಿ ಕೂತು, ಯಾವುದೋ ಕಾಲದ ಸಾಹೇಬರ ಮನೆಯಿಂದ ಬಂದ ಕಾದಂಬರಿಗಳನ್ನು ತೂಕದ ಲೆಕ್ಕದಲ್ಲಿ ತರುತ್ತಿದ್ದರು. ಬಹಳಷ್ಟಕ್ಕೆ ರಟ್ಟು ಇರುತ್ತಿರಲಿಲ್ಲ. ಮೊದಲ ಪುಟಗಳೂ ಹೋಗಿರುತ್ತಿದ್ದವು. ಬರೆದವರು ಯಾರು, ಪುಸ್ತಕದ ಹೆಸರೇನು, ಯಾವುದೂ ಗೊತ್ತಾಗುತ್ತಿರಲಿಲ್ಲ. "ಹೆಸರು ಯಾಕ ಬೇಕ? ಮಾತ ಕೇಳೂಣು" ಎಂದು ಸಂಜೆ ಹೊತ್ತು ಪಡಸಾಲೆಯಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿಕೊಂಡು ಓದಿಸುತ್ತಿದ್ದರು. ನಮ್ಮ ಮನೆ ಅದೇ ಓಣಿಯಲ್ಲಿತ್ತು, ಶೈಲಾ ನನ್ನ ಕ್ಲಾಸಿನವಳು. ಹೀಗಾಗಿ ಯಾರು ಬರಲಿ ಬಿಡಲಿ, ಆ ಚಾಪೆಯ ಮೇಲೆ ನಾವಿಬ್ಬರು ಹುಡುಗಿಯರಂತೂ ಇರುತ್ತಿದ್ದೆವು.

ಆ ಪುಸ್ತಕಗಳ ಇಂಗ್ಲಿಷ್ ನಮ್ಮ ಪಠ್ಯದ ಇಂಗ್ಲಿಷ್ ಅಲ್ಲ. ಹೆಜ್ಜೆಗೊಂದು ಗೊತ್ತಿಲ್ಲದ ಶಬ್ದ. ನಾವು ಎಡವಿ ನಿಂತ ಕೂಡಲೇ ಸರ್ ಚಷ್ಮಾ ಹಣೆಗೇರಿಸಿ, ಬಾಗಿಲಿಗೆ ಬಂದವರನ್ನು ಮಾತಾಡಿಸುವ ಹಾಗೆ, "ಯಾರ ಬಂದ್ರಪಾ ಇವ್ರು? ಬರ್ರಿ, ಕುಂದರ್ರಿ. ಯಾವೂರಾತ್ರಿ ನಿಮ್ಮದು?" ಎಂದು ಆ ಶಬ್ದವನ್ನೇ ಕೇಳುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗುವರು.

"ಹೆಣ್ಣ ಕೊಡೂ ಮುಂದ ನಿಮ್ಮ ಮನ್ಯಾಗ ಏನ್ ಮಾಡ್ತಾರ? ಹುಡುಗನ್ನ ಹಿಡದು, ನೀ ಚೊಲೊ ಅದಿ ಏನಪಾ ಅಂತ ಕೇಳ್ತಾರೇನು?"

"ಇಲ್ರಿ ಸರ್."

"ಮತ್ತ?"

"ಬಾಜೂ ಮನ್ಯಾಗ ಕೇಳ್ತಾರ್ರಿ."

"ಹಾಂ. ಶಬ್ದಾನೂ ಹಂಗ. ಅದನ್ನ ಕೇಳಬ್ಯಾಡ್ರಿ. ಅದರ ಆಜೂಬಾಜೂ ಯಾರ ಅದಾರ, ಅವ್ರನ್ನ ಕೇಳ್ರಿ."

ನಮ್ಮ ಕಡೆ ಇದು ದೊಡ್ಡ ಪದ್ಧತಿ. ಒಂದು ಸಂಬಂಧ ಬಂತೆಂದರೆ ಹೆಣ್ಣಿನ ಕಡೆಯ ಹಿರಿಯರಿಬ್ಬರು ಎತ್ತು ನೋಡುವ ನೆವವೋ ಹತ್ತಿಬೀಜದ ನೆವವೋ ಮಾಡಿಕೊಂಡು ಗಂಡಿನ ಊರಿಗೆ ಹೋಗುತ್ತಾರೆ. ಅಲ್ಲಿ ಹಿಟ್ಟಿನ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಸುತ್ತುಬಳಸಿ ಆ ಮನೆತನದ ಮಾತು ತೆಗೆಯುತ್ತಾರೆ. ಹುಡುಗ ಕುಡಿಯುತ್ತಾನೋ, ಅತ್ತೆ ಜೋರೋ, ಮನೆಗೆ ಬಂದ ಸೊಸೆಯಂದಿರು ಹೇಗಿದ್ದಾರೆ, ಎಲ್ಲ ಅಲ್ಲಿ ಸಿಗುತ್ತದೆ. ಇದಕ್ಕೆ ವಿಚಾರಿಸುವುದು ಅನ್ನುತ್ತಾರೆ. ವಿಚಾರಿಸದೆ ಹೆಣ್ಣು ಕೊಟ್ಟವರನ್ನು ನಮ್ಮಲ್ಲಿ ದಡ್ಡರೆಂದು ಆಡಿಕೊಳ್ಳುತ್ತಾರೆ.

ಒಂದು ಸಂಜೆಯ ಓದು ನನಗೆ ಇನ್ನೂ ನೆನಪಿದೆ. ರಟ್ಟಿಲ್ಲದ ಒಂದು ದಪ್ಪ ಕಾದಂಬರಿ, ಅಂಚುಗಳನ್ನು ಹುಳ ತಿಂದದ್ದು. ಅದರಲ್ಲೊಬ್ಬ ತಂಗಿ, ಹಡಗು ಹತ್ತಲು ಹೊರಟ ಅಣ್ಣನನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಳೆ. ಆ ಸಾಲಿನಲ್ಲಿ 'ಫೇನ್' ಎಂಬ ಶಬ್ದ ಬಂತು. ಅವಳು ಫೇನ್ ಅವನ ಜೊತೆ ಹೋಗುತ್ತಿದ್ದಳು ಎಂಬಂಥ ಸಾಲು. ಓದುತ್ತಿದ್ದ ನಾನು ಅಲ್ಲೇ ಎಡವಿದೆ.

"ಬಾಜೂಕ ಯಾರದಾರ?" ಸರ್ ಕೇಳಿದರು.

"ವುಡ್ ಅದಾರ್ರಿ," ನಾನೆಂದೆ.

"ಮುಂದ ಏನಾತು? ಹೋದಳೇನು?"

"ಇಲ್ರಿ. ಕಿಟಕ್ಯಾಗ ನಿಂತಾಳ."

ಶೈಲಾ ತಲೆ ಎತ್ತದೆ, ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು. "ಮನಸಿತ್ತು ಅಪ್ಪಾ. ಆಗಲಿಲ್ಲ."

ಸರ್ ಬಲಗಿಸೆಗೆ ಕೈ ಹಾಕಿ ಒಂದು ಹಿಡಿ ಬಡೇಸೋಪು ಮಗಳ ಅಂಗೈಗೆ ಸುರಿದರು. ಅವರ ಕೈಯಿಂದ ಸಿಗುವ ಅತಿ ದೊಡ್ಡ ಬಹುಮಾನ ಅದು. ನಮಗೆಲ್ಲ ಸಿಗುತ್ತಿದ್ದದ್ದು ಎರಡು ಬೆರಳಿನ ಚಿಟಿಕೆ ಅಷ್ಟೇ. ಮುಂದೆ ಕಾಲೇಜಿಗೆ ಹೋದಾಗ ನಾನು ಕದ್ದು ಡಿಕ್ಷನರಿ ತೆರೆದು ಆ ಶಬ್ದ ನೋಡಿದೆ. ಸಂತೋಷದಿಂದ, ಮನಃಪೂರ್ವಕವಾಗಿ ಎಂದಿತ್ತು. ಕಿಟಕಿಯಲ್ಲಿ ನಿಂತ ತಂಗಿ ಅಲ್ಲಿ ಇರಲೇ ಇಲ್ಲ. ಸರ್ ಡಿಕ್ಷನರಿಯನ್ನು ಹಾಗೆ ಯಾಕೆ ಹಿಡಿಯುತ್ತಿದ್ದರು ಎಂಬುದು ಆವತ್ತು ನನಗೆ ಅರ್ಥವಾಯಿತು.

ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮನ್ನು ಕಿತ್ತೂರಿನ ಕೋಟೆ ನೋಡಲು ಕರೆದುಕೊಂಡು ಹೋಗಿದ್ದರು. ಕೋಟೆಯಲ್ಲಿ ಎಲ್ಲರ ಸರ್‌ಗಳು ಹೇಳುವುದನ್ನೇ ನಮ್ಮ ಸರ್ ಕೂಡ ಹೇಳಿದರು, ನಾವೂ ಎಲ್ಲರ ಹಾಗೆ ಗದ್ದಲ ಮಾಡಿದೆವು. ಅವರ ಮನಸ್ಸು ಬೇರೆ ಕಡೆ ಇತ್ತು. ಊರ ಹೊರಗೆ ಒಂದು ಹೊಲದ ಬದುವಿನಲ್ಲಿ, ಜಾಲಿಗಿಡದ ಕೆಳಗೆ, ಇಂಗ್ಲಿಷ್ ಕೆತ್ತಿದ ಹಳೆಯ ಗೋರಿಕಲ್ಲು ಇದೆಯೆಂದು ಯಾರೋ ಅವರಿಗೆ ಹೇಳಿದ್ದರಂತೆ. ಉರಿಬಿಸಿಲಲ್ಲಿ ನಮ್ಮನ್ನು ಅಲ್ಲಿಗೆ ನಡೆಸಿದರು. ಹೊಲದವನು ಶೇಂಗಾ ಕೀಳುವುದನ್ನು ಬಿಟ್ಟು ಬಂದು, "ಏನ್ರಿ ಮಾಸ್ತರ, ಕಲ್ಲ ನೋಡಾಕ ಇಷ್ಟ ದೂರ ಬಂದ್ರೇನು?" ಎಂದು ಬೆರಗಾಗಿ ನಿಂತ. ಕಲ್ಲಿನ ಮೇಲೆ ಹೆಂಗಸೊಬ್ಬಳ ಹೆಸರು ಅರ್ಧ ಅಳಿಸಿತ್ತು. ಅದರ ಮುಂದೆ 'ರೆಲಿಕ್ಟ್' ಎಂಬ ಶಬ್ದ, ಅದರ ಮುಂದೆ ಯಾವನೋ ಸಾಹೇಬನ ಹೆಸರು.

"ಯಾರ್ರಿ ಇವ್ರು?" ಎಂದು ಸರ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

ಹುಡುಗರು ರಾಣಿ ಎಂದರು, ನರ್ಸ್ ಎಂದರು. ಒಬ್ಬನಂತೂ ಅಡಿಗೆಯವಳು ಎಂದ. ಶೈಲಾ ಕಲ್ಲಿನ ಮಣ್ಣನ್ನು ದಾವಣಿಯ ಸೆರಗಿನಿಂದ ಒರೆಸಿ ಹೇಳಿದಳು, "ಗಂಡ ಸತ್ತಾಕಿ ಅಪ್ಪಾ. ಅವನ ಹೆಸರಿನ ಬಾಜೂಕ 'ಲೇಟ್' ಅಂತ ಐತಿ ನೋಡ್ರಿ. ಅಂವ ಹೋಗ್ಯಾನ, ಈಕಿ ಹಿಂದ ಉಳದಾಳ."

ಶಾಲೆಯವರ ಎದುರು ಮಾತ್ರ ಅವಳು ಅಪ್ಪನಿಗೆ 'ರಿ' ಹಚ್ಚುತ್ತಿದ್ದಳು. ಸರ್ ಆವತ್ತು ಬಸ್ಸಿನಲ್ಲಿ ಬೈಲಹೊಂಗಲ ಬರುವತನಕ ಕಂಡಕ್ಟರನಿಂದ ಹಿಡಿದು ಪಕ್ಕದಲ್ಲಿ ಕೂತ ಮುದುಕಿಯವರೆಗೆ ಎಲ್ಲರಿಗೂ ಅದನ್ನು ಹೇಳಿದರು. ಆ ಮುದುಕಿ ಏನು ತಿಳಿದುಕೊಂಡಳೋ, "ಪಾಪ, ಮಕ್ಕಳಿದ್ದೂವೇನ್ರಿ ಆಕಿಗಿ?" ಎಂದು ಕೇಳಿದಳು. ಸರ್‌ಗೆ ಅದು ಬಹಳ ಸೇರಿತು. "ನೋಡ್ರಿ, ಈಕಿಗಿ ಶಬ್ದ ತಿಳೀತು" ಎಂದು ನಮಗೆ ಹೇಳಿದರು.

ಈಗ ಅವರ ಇನ್ನೊಂದು ಪಾಠದ ಮಾತು. ಅದು ಬೇಕೇ ಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅದೇ ರಟ್ಟಿಲ್ಲದ ಕಾದಂಬರಿಯಲ್ಲಿ ಜ್ವರದಿಂದ ಮಲಗಿದವನ ಮನೆಗೆ ಆಳು ಓಡಿ ಬಂದು, ಡಾಕ್ಟರು 'ಪ್ರೆಸೆಂಟ್ಲಿ' ಬರುತ್ತಾರೆ ಎನ್ನುತ್ತಾನೆ. ನಾವೆಲ್ಲ ಗೊತ್ತಿದ್ದ ಶಬ್ದ ಬಂತೆಂದು ಒಂದೇ ದನಿಯಲ್ಲಿ, "ಈಗ, ಸದ್ಯ!" ಎಂದು ಕೂಗಿದೆವು. ಡಾಕ್ಟರು ಈಗ ಬಂದಿದ್ದಾರೆ ಎಂದು ನನ್ನ ಅರ್ಥ.

"ಬಂದಾನೇನು? ಮುಂದ ಓದ್ರಿ" ಎಂದರು ಸರ್.

ಮುಂದೆ ಓದಿದರೆ ರೋಗಿ ಸತ್ತೇ ಹೋದ, ಡಾಕ್ಟರು ಇನ್ನೂ ಕುದುರೆಯ ಮೇಲೆ ದಾರಿಯಲ್ಲಿದ್ದ. ನಮ್ಮ ಮುಖ ನೋಡಿ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಿನ ಕಾಲದಲ್ಲಿ ಆ ಶಬ್ದಕ್ಕೆ 'ಇನ್ನೇನು, ಸ್ವಲ್ಪ ಹೊತ್ತಿನಲ್ಲಿ' ಎಂದು ಅರ್ಥ. ನಕ್ಕು ಮುಗಿದ ಮೇಲೆ ಚಷ್ಮಾ ಇಳಿಸಿ, ಬಹಳ ಗಂಭೀರವಾಗಿ ಹೇಳಿದರು. "ಗೊತ್ತಿಲ್ಲದ ಶಬ್ದ ನಿಮಗ ಏನೂ ಮಾಡಂಗಿಲ್ಲ ತಂಗಿ. ಅದನ್ನ ಕಂಡಕೂಡ್ಲೆ ನೀವು ನಿಲ್ತೀರಿ, ವಿಚಾರಸ್ತೀರಿ. ಗೊತ್ತೈತಿ ಅನಸ್ತಾವಲ್ಲ, ಅವಕ್ಕ ಹೆದರ್ರಿ. ಅಲ್ಲಿ ನೀವು ನಿಲ್ಲಂಗಿಲ್ಲ."

ಈಗ ನಾನು ಸವದತ್ತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವರ್ಷವರ್ಷವೂ ಮಕ್ಕಳಿಗೆ ಈ ಮಾತು ಹೇಳುತ್ತೇನೆ.

ಶೈಲಾ, ನಾನು ಇಬ್ಬರೂ ಬೈಲಹೊಂಗಲದಲ್ಲೇ ಬಿ.ಎ. ಮಾಡಿದೆವು. ಧಾರವಾಡಕ್ಕೆ ಹೋಗಿ ಇಂಗ್ಲಿಷ್ ಎಂ.ಎ. ಮಾಡುವುದು ಅವಳ ಹಂಬಲ. ನನ್ನದಲ್ಲ. ಅವಳು ಹೋಗುತ್ತಾಳೆಂದು ನಾನೂ ಹೊರಟವಳು. ನಮ್ಮಪ್ಪನಿಗೆ ಕಿರಾಣಿ ಅಂಗಡಿಯಾಚೆ ಲೋಕವಿರಲಿಲ್ಲ, ನಾನು ಏನು ಓದುತ್ತೇನೆಂದು ಅವನಿಗೆ ಕೊನೆತನಕ ತಿಳಿಯಲಿಲ್ಲ, ಬೇಡವೆನ್ನಲು ಅವನಿಗೆ ವೇಳೆಯೂ ಇರಲಿಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆ ಹಿಡಿಯಬೇಕು, ಕಿಟಕಿಯ ಪಕ್ಕದ ಕಾಟು ಶೈಲಾಳಿಗೆ ಎಂದೆಲ್ಲ ನಾವು ಮಾತಾಡಿಕೊಂಡಿದ್ದೆವು.

ಆ ಬೇಸಿಗೆಯಲ್ಲಿ ಮನೋಳಿಯಿಂದ ಕಾಕು ಅವರ ಅಣ್ಣ, ಶೈಲಾಳ ಸೋದರಮಾವ, ಬಂದ. ಮನೋಳಿಯಲ್ಲಿ ಅವರದು ದೊಡ್ಡ ಮನೆ, ಹೊಳೆಯ ದಂಡೆಗೆ ಹೊಲ, ಕಾಳಿನ ವ್ಯಾಪಾರ. ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತ, ತನ್ನ ಮಗನಿಗೆ ಶೈಲಾಳನ್ನು ಕೇಳಿದ. ಕೇಳಿದ ಅನ್ನುವುದೂ ತಪ್ಪೇ. "ಕೂಸಿದ್ದಾಗಿಂದ ನಮ್ಮ ಸೊಸಿ ಆಕಿ. ಈಗ ಒಯ್ಯಾಕ ಬಂದೇನಿ" ಎಂದ. ನಮ್ಮಲ್ಲಿ ಸೋದರಮಾವನ ಮಗನಿಗೆ ಕೊಡುವುದು ಹೊಸದಲ್ಲ. ಸೋದರಿಕೆ ಇರುವಾಗ ಹೊರಗಿನವರು ಹೆಣ್ಣು ಕೇಳಲೂ ಹಿಂದೆಮುಂದೆ ನೋಡುತ್ತಾರೆ.

ನಾನು ಆಗ ಅಡುಗೆಮನೆಯಲ್ಲಿ ಶೈಲಾಳ ಜೊತೆ ಚಹಾ ಸೋಸುತ್ತಿದ್ದೆ. ಹೊರಗಿನ ಮಾತು ನಮಗೆ ಕೇಳುತ್ತಿತ್ತು. ಮಗಳು ಇನ್ನೂ ಓದಬೇಕೆನ್ನುತ್ತಾಳೆ ಎಂದು ಸರ್ ಹೇಳಿದರು. "ಓದಲಿ. ಬ್ಯಾಡ ಅನ್ನಾವ್ರ ಯಾರು?" ಎಂದ ಮಾವ. ಪಕ್ಕದ ಮನೆಯ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಮಾವ ಎದ್ದು ಹೋದಮೇಲೆ ಆ ಹಿರಿಯರು, "ಏನ ಆಗ್ಲಿ ಸರ್, ಒಂದ ಮಾತ ವಿಚಾರಸ್ರಿ" ಎಂದರು. ಸರ್ ನಕ್ಕರು.

"ನನ್ನ ಹೇಣ್ತಿ ಹುಟ್ಟಿದ ಮನಿರಿ ಅದು. ಅಲ್ಲಿ ಕಂಬಕಂಬ ಗೊತ್ತು ನನಗ. ಅದನ್ನೇನ ವಿಚಾರಸೂದು?"

ಶೈಲಾ ಆ ಮಾತು ಕೇಳಿದಳು. ನಾನು ಹೆದರಿ ಅವಳ ಮುಖ ನೋಡಿದೆ. ಅವಳು ಹೆದರಿರಲಿಲ್ಲ. ಬಟ್ಟಲುಗಳನ್ನು ತಾಟಿನಲ್ಲಿ ಜೋಡಿಸುತ್ತ, "ಸಂಜೀಕ ಅಪ್ಪ ನನ್ನ ಕೇಳ್ತಾನ ನೋಡು. ಶಬ್ದಕ್ಕ ಇಷ್ಟ ವಿಚಾರಸಾಂವ ನನ್ನ ಕೇಳದ ಇರ್ತಾನೇನು?" ಎಂದಳು. ಏನು ಹೇಳಬೇಕೆಂದು ಅವಳು ಆಗಲೇ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದಳು.

ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಲಗ್ನ ಭರ್ಜರಿಯಾಗಿಯೇ ಆಯಿತು. ಓಣಿಯ ಹೆಂಗಸರೆಲ್ಲ ಗೊತ್ತಿದ್ದ ಮನೆಗೆ ಹೋದಳೆಂದು ಹೊಟ್ಟೆಕಿಚ್ಚು ಪಟ್ಟರು. ಸರ್ ಬೀಗರಿಗೆ ಬಡೇಸೋಪು ಹಂಚುತ್ತ ಚಪ್ಪರದ ತುಂಬ ಓಡಾಡಿದರು. ನಾನು ಜೂನ್ ತಿಂಗಳಲ್ಲಿ ಒಬ್ಬಳೇ ಧಾರವಾಡಕ್ಕೆ ಹೋದೆ. ಕಿಟಕಿಯ ಪಕ್ಕದ ಕಾಟಿಗೆ ರಾಮದುರ್ಗದ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಅವಳನ್ನು ಕಂಡರೆ ನನಗೆ ವಿನಾಕಾರಣ ಸಿಟ್ಟು ಬರುತ್ತಿತ್ತು.

ಮನೋಳಿಯ ಮನೆಯಲ್ಲಿ ಯಾರೂ ಶೈಲಾಳನ್ನು ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಗಂಡ ಸಾಧು ಮನುಷ್ಯ, ಕುಡಿತವಿಲ್ಲ, ಅಪ್ಪನ ಎದುರು ಮಾತೂ ಇಲ್ಲ. ದೂರು ಹೇಳೋಣವೆಂದರೆ ದೂರುವಂಥದ್ದೇನೂ ಅಲ್ಲಿರಲಿಲ್ಲ. ಅವಳು ಒಯ್ದಿದ್ದ ಪುಸ್ತಕದ ಟ್ರಂಕನ್ನು, ಕಾಲಿಗೆ ಅಡ್ಡ ಬರುತ್ತದೆಂದು ಅಟ್ಟಕ್ಕೆ ಏರಿಸಿದರು. ಎಂ.ಎ. ವಿಷಯ ಎತ್ತಿದರೆ, ಮೊದಲು ಒಂದು ಬಾಣಂತನ ಆಗಲಿ ಎಂದರು. ಅದು ಆದಮೇಲೆ ಇನ್ನೊಂದು ಆಗಲಿ ಎಂದರು. ಬಾಗಿಲಲ್ಲಿ ಕೂತು ಹಳೆಯ ಪೇಪರಿನ ತುಂಡು ಓದುತ್ತಿದ್ದರೂ ಅತ್ತೆ ಪ್ರೀತಿಯಿಂದಲೇ, "ಕಣ್ಣ ಹೋಗ್ತಾವ ಬಿಡವಾ" ಎಂದು ಕೈಯಿಂದ ತೆಗೆದುಕೊಳ್ಳುತ್ತಿದ್ದಳು.

ಸರ್‌ಗೆ ಇದು ತಿಳಿಯಲು ಮೂರು ನಾಲ್ಕು ವರ್ಷ ಹಿಡಿಯಿತು. ನಾನು ಸವದತ್ತಿಯಲ್ಲಿ ನೌಕರಿಗೆ ಸೇರಿದ ಹೊಸತರಲ್ಲಿ ಒಮ್ಮೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು. ಕುಶಲ ಕೇಳುವುದನ್ನೂ ಬಿಟ್ಟು, ಎಲ್ಲೋ ನಿಂತಿದ್ದ ಮಾತನ್ನು ಮುಂದುವರಿಸುವವರ ಹಾಗೆ ಶುರುಮಾಡಿದರು.

"ನಮ್ಮ ಬೀಗಗ ಇಬ್ಬರ ಹೆಣ್ಣಮಕ್ಕಳು, ನಿನಗ ಗೊತ್ತಲ್ಲ ತಂಗಿ? ಸಣ್ಣವ್ರಿದ್ದಾಗಿಂದ ನೋಡೇನಿ. ಏಳನೇತ್ತಾ ಮುಗಿಸಿ ಇಬ್ಬರನೂ ಸಾಲಿ ಬಿಡಿಸಿದ. ಅವ್ರ ಕೈಯಾಗ ನಾ ಒಂದ ಪುಸ್ತಕ ನೋಡಿಲ್ಲ. ಇಷ್ಟ ವರ್ಷ ಹೋಗಿ ಬಂದು ಮಾಡೇನಿ, ಅವ್ರ ಮನಿ ಊಟ ಉಂಡೇನಿ. ನೋಡಿಲ್ಲ ಅನ್ನೂದು ಈಗ ನೆನಪಾತು."

ನಾನು ಏನೋ ಸಮಾಧಾನ ಹೇಳಹೋದೆ. ಅವರು ಕೈ ಅಡ್ಡ ಮಾಡಿದರು.

"ಬ್ಯಾರೆ ಮನಿ ಇದ್ದಿದ್ರ ಗಿರಣ್ಯಾಗ ಕೇಳತಿದ್ದೆ. ಗೊತ್ತಿದ್ದ ಮನಿ, ಅದಕ್ಕ ನಿಲ್ಲಲಿಲ್ಲ ನಾ."

ಅದಾದ ಮೇಲೆ ಒಂದು ದಿನ ಅವರ ಮನೆಗೆ ಹೋದರೆ ಮೇಜಿನ ಮೇಲೆ ದಪ್ಪನೆಯ ಡಿಕ್ಷನರಿ ಕೂತಿತ್ತು. ಬಡ್ಡಿಯ ಸಾಹುಕಾರ ಮನೆಗೆ ಬಂದು ಕೂತ ಹಾಗೆ ಕಂಡಿತು ನನಗೆ. ಸರ್ ಅದನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, 'ಅಂಡ್' 'ಬಟ್' ಬಿಟ್ಟು ಮಿಕ್ಕ ಪ್ರತಿ ಶಬ್ದವನ್ನೂ ಹುಡುಕುತ್ತಿದ್ದರು. "ನನ್ನ ಅಂದಾಜಿನ ಮ್ಯಾಲೆ ನನಗ ಭರೋಸಾ ಉಳದಿಲ್ಲ ತಂಗಿ" ಎಂದರು. ಅಂಥ ಮನುಷ್ಯ ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ ಕೂತದ್ದನ್ನು ನೋಡಿ ನನಗೆ ಅಳು ಬಂತು. ಈಗಲೂ ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಚಿತ್ರವೇ, ಬರಬಾರದೆಂದರೂ ಬರುತ್ತದೆ.

ನಿವೃತ್ತರಾದ ಮೇಲೆ ಅವರು ಪ್ರತಿ ಸೋಮವಾರ ಮನೋಳಿಗೆ ಹೋಗತೊಡಗಿದರು. ಮುರಗೋಡದ ಮೇಲೆ ಹೋಗುವ ಕೆಂಪು ಬಸ್ಸು, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಆ ರಟ್ಟಿಲ್ಲದ ಕಾದಂಬರಿ. ಹೆಣ್ಣು ಕೊಟ್ಟ ಮನೆಗೆ ಹಾಗೆ ವಾರವಾರವೂ ಹೋಗುವುದು ನಮ್ಮಲ್ಲಿ ಲಕ್ಷಣವಲ್ಲ. ಅವರಿಗೂ ಗೊತ್ತಿತ್ತು. ಬೀಗರು ಮುಖದ ಮೇಲೆ ಏನೂ ಅನ್ನದೆ, ಬೆನ್ನ ಹಿಂದೆ ಮಾಸ್ತರರಿಗೆ ವಯಸ್ಸಾಯಿತು ಎನ್ನುತ್ತಿದ್ದರಂತೆ.

ಒಮ್ಮೆ ರಜೆಯಿದ್ದಾಗ ನಾನೂ ಅವರ ಜೊತೆ ಹೋದೆ. ಕಟ್ಟೆಯ ಮೇಲೆ ಕಂಬಳಿ ಹಾಸಿ ನಮ್ಮನ್ನು ಕೂರಿಸಿದರು. ನೀರು ಬಂತು, ಚಹಾ ಬಂತು. ಅಂಗಳದಲ್ಲಿ ಗೋವಿನಜೋಳದ ರಾಶಿ ಒಣಗಲು ಹಾಕಿತ್ತು. ಸರ್ ಚೀಲದಿಂದ ಪುಸ್ತಕ ತೆಗೆದು ಪುಟ ಬಿಡಿಸಿ ಒಳಗೆ ಕೂಗಿದರು.

"ತಂಗಿ, ಇಲ್ಲಿ ಒಂದೀಟ ಬಾರವಾ. ಈ ಶಬ್ದ ಯಾಕೋ ಹೊಳೀವಲ್ದು ನನಗ. ಏನಿದು?"

ಶೈಲಾ ಬಾಗಿಲಿಗೆ ಬಂದಳು. ಕೈತುಂಬ ಜೋಳದ ಹಿಟ್ಟು, ಬಗಲಲ್ಲಿ ಒಂದು ಕೂಸು. ಬಗ್ಗಿ ಪುಟ ನೋಡಿದಳು. ಬಹಳ ಹೊತ್ತೇ ನೋಡಿದಳು ಅನಿಸಿತು ನನಗೆ. ಆಮೇಲೆ, "ಗೊತ್ತಿಲ್ಲಪಾ" ಎಂದು ನನ್ನ ಕಡೆ ನೋಡಿ ನಕ್ಕು ಒಳಗೆ ಹೋದಳು. ಸರ್ ಕಿಸೆಯಲ್ಲಿ ಹಾಕಿದ ಕೈ ಅಲ್ಲೇ ಉಳಿಯಿತು. ಆ ಶಬ್ದ 'ಪ್ರೆಸೆಂಟ್ಲಿ'. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕ ಶಬ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಲೇ ಮಾತಾಡಿದರು. "ಯಾವ್ದು ಕೇಳಿದ್ರೂ ಗೊತ್ತಿಲ್ಲ ಅಂತಾಳ. ಕಿತ್ತೂರಾಗ ಗೋರಿಕಲ್ಲ ಓದಿದ ಹುಡಿಗಿ. ಎಲ್ಲಾ ಹೋತು. ನಾನ ಕಳದೆ." ನನಗೆ ಅವರ ಮೇಲೆ ಮರುಕವೂ ಇತ್ತು, ಸಿಟ್ಟೂ ಇತ್ತು. ಆ ಬೇಸಿಗೆಯಲ್ಲಿ ಅವರದೇ ಅಡುಗೆಮನೆಯಲ್ಲಿ ಕಾಯುತ್ತ ನಿಂತಿದ್ದವಳನ್ನು ನಾನು ನೋಡಿದ್ದೆ, ಅವರು ನೋಡಿರಲಿಲ್ಲ. ಅವರಿಗೆ ಎರಡು ಮಾತು ಹೇಳುವಷ್ಟು ಸಲುಗೆ ನನಗಿರಲಿಲ್ಲ. ಮುರಗೋಡ ಬಂದಾಗ ಇಳಿದು ಅವರಿಗೆ ಚಹಾ ತಂದುಕೊಟ್ಟೆ. ಕುಡಿಯದೆ ಬಟ್ಟಲು ಹಿಡಿದುಕೊಂಡೇ ಕೂತರು.

ಆಮೇಲೆ ಬಹಳ ವರ್ಷ ಬದುಕಲಿಲ್ಲ. ಒಂದು ಮುಂಜಾನೆ ಪೂಜೆಗೆ ಕೂತವರು ಹಾಗೆಯೇ ವಾಲಿದರಂತೆ. ನಾನು ಹೋಗುವುದರೊಳಗೆ ಮಣ್ಣು ಮುಗಿದಿತ್ತು. ತೀರಿದವರ ಹೆಸರಿನ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ನನಗೆ ಆ ಗದ್ದಲದಲ್ಲಿ ಕೂರಲಾಗದೆ ಒಳಗಿನ ಕೋಣೆಗೆ ಹೋದರೆ, ಶೈಲಾ ಅಪ್ಪನ ಪುಸ್ತಕಗಳ ನಡುವೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಆ ರಟ್ಟಿಲ್ಲದ ಕಾದಂಬರಿ. ನಾನು ಪಕ್ಕದಲ್ಲಿ ಕೂತೆ. ಚಾಪೆಯೂ ಅದೇ, ಅಂಚು ಕಿತ್ತುಹೋಗಿತ್ತು.

ಅವಳು ಒಂದು ಪುಟ ತೆರೆದು ಬೆರಳಿಟ್ಟಳು. "ಇದು ಬಿಟ್ವಿಕ್ಸ್ಟ್. ಎರಡರ ನಡುವ ಸಿಕ್ಕೊಂಡದ್ದು." ಇನ್ನೊಂದು ಪುಟ. "ಇದು ಹಿದರ್. ಇತ್ತಾಗ ಬಾ ಅನ್ನೂದು." ಇನ್ನೊಂದು. "ಈ ಡಾಕ್ಟರ ಇನ್ನೂ ಕುದರಿ ಮ್ಯಾಲ ಅದಾನ." ಹಾಗೆ ಹೇಳುತ್ತ ಹೋದಳು, ಎಲ್ಲೂ ತಡವರಿಸಲಿಲ್ಲ. ನಾನು ಕಲಿಸುವ ಟೀಚರ್, ನನಗೇ ಎರಡು ಹೊಳೆಯಲಿಲ್ಲ.

"ನಿನಗ ಎಲ್ಲಾ ಗೊತ್ತಿತ್ತಾ?" ಎಂದೆ.

"ಗೊತ್ತಿರದ ಏನು? ದಿನಾ ರೊಟ್ಟಿ ಬಡಿಯೂ ಮುಂದ ಒಂದೊಂದ ಪುಟ ಮನಸಿನ್ಯಾಗ ಹೇಳ್ಕೋತಿದ್ದೆ."

"ಮತ್ತ ಅಷ್ಟ ದೂರದಿಂದ ಬಂದು ಕೇಳಾವ್ರಿಗೆ ಯಾಕ ಗೊತ್ತಿಲ್ಲ ಅಂದಿ?"

ಅವಳು ಹುಳ ತಿಂದ ಅಂಚಿನ ಪುಡಿಯನ್ನು ಸೀರೆಯಿಂದ ಕೊಡವಿದಳು.

"ನೀನ ಇದ್ದೆಲ್ಲ ಆವತ್ತ. ನನ್ನ ಕೇಳ್ತಾನ ಅಂತ ದಾರಿ ನೋಡ್ದೆ. ಆ ಸಂಜೀಕ ಕೇಳಲಿಲ್ಲ, ಮರದಿನ ಕೇಳಲಿಲ್ಲ, ಅರಿಷಿಣ ಹಚ್ಚೂತನಾ ದಾರಿ ನೋಡ್ದೆ. ಒಂದ ಮಾತ ಕೇಳಲಿಲ್ಲ. ಆಮ್ಯಾಲ ವಾರಾ ವಾರಾ ಬಂದು ಶಬ್ದದ ಅರ್ಥ ಕೇಳಿದ. ಹೆಂಗ ಅದಿ ತಂಗಿ ಅಂತ ಒಂದ ಸಲ ಕೇಳಿದ್ರ ಎಲ್ಲಾ ಹೇಳಾಕಿದ್ದೆ. ಶಬ್ದದ್ದೂ ಹೇಳಾಕಿದ್ದೆ, ನಂದೂ ಹೇಳಾಕಿದ್ದೆ."

ಸರ್ ಕೇಳಲು ಬಂದದ್ದು ಅದನ್ನೇ ಇರಬೇಕು, ಬಾಯಿಗೆ ಬರದೆ ಶಬ್ದ ಕೇಳಿದರು ಎಂದು ಈಗ ಅನಿಸುತ್ತದೆ. ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಆ ಹೊತ್ತಿಗೆ ಹೇಳಿ ಉಪಯೋಗವಿರಲಿಲ್ಲ. ಹೊರಗೆ ಪಂಕ್ತಿ ಕೂತಿತು, ಯಾರೋ ನಮ್ಮನ್ನು 'ಉಣ್ಣಾಕ ಬರ್ರಿ' ಎಂದು ಕೂಗಿದರು.

ಸಂಜೆ ಮನೋಳಿಯ ಬಸ್ಸಿಗೆ ನಾನೇ ಅವಳನ್ನು ಬಿಡಲು ಹೋದೆ. ಗಂಡ ಮಕ್ಕಳನ್ನು ಹತ್ತಿಸಿ ಸಾಮಾನು ಹೊಂದಿಸುತ್ತಿದ್ದ. ಅವಳ ಕೈಯಲ್ಲಿದ್ದದ್ದು ಸರ್ ಒಯ್ಯುತ್ತಿದ್ದ ಬಟ್ಟೆಯ ಚೀಲ, ಒಳಗೆ ಆ ಪುಸ್ತಕ. ಬಸ್ಸು ಬಿಡುವ ಮುಂದೆ ಅವಳು ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದಳು. ಅಂಗೈ ರೊಟ್ಟಿ ಬಡಿದು ಬಡಿದು ಒರಟಾಗಿತ್ತು.

"ನಾ ಹೇಳಿದ್ದು ನಿನ್ನ ಹಂತ್ಯಾಕ ಇರ್ಲಿ. ನನಗ ಎಲ್ಲಾ ಮರ್ತಹೋಗೇತಿ ಅಂತ, ಮನೋಳಿಯಿಂದ ಬಂದ ದಿನಾ ಅಪ್ಪ ಉಣ್ಣದ ಅಳಕೋತ ಕುಂದ್ರತಿದ್ದನಂತ. ಅವ್ವ ಹೇಳಿದ್ಲು. ನನಗ ಎಲ್ಲಾ ಗೊತ್ತಿತ್ತು ಅಂತ ಅವ್ವನ ಮುಂದ ಯಾವತ್ತೂ ಹೇಳಬ್ಯಾಡ."